ಕಿವಿಗೆ ಎರಡು ತಂತಿ, ನಾಟಕಕ್ಕೆ ಒಂದೂ ಇಲ್ಲ

ನಾಟಕ ಆಡಲು ಮೊದಲೆಲ್ಲ ಒಂದು ನಾಟಕ ಬೇಕಾಗುತ್ತಿತ್ತು. ಈಗ ಹೆಡ್‌ಸೆಟ್ ಬೇಕು. ಬೆಳಗಾವಿಯ ಟಿಳಕವಾಡಿಯ ಹವ್ಯಾಸಿ ತಂಡವೊಂದು ದೇಣಿಗೆ ಎತ್ತಿ ಒಂದು ಪೆಟ್ಟಿಗೆ ಹೆಡ್‌ಸೆಟ್ ತರಿಸಿತು. ತಂಡದ ಹೆಸರು ಬೇಡ; ಸಂಜೆ ಕಾಂಗ್ರೆಸ್ ರೋಡಿನಲ್ಲಿ ಅವರ ಎದುರಿಗೇ ನಾನು ವಾಕಿಂಗ್ ಹೋಗಬೇಕು. ಪೆಟ್ಟಿಗೆ ಒಡೆದದ್ದೇ ತಡ, ಹಂಚಿಕೆ ಶುರುವಾಯಿತು. ಮೊದಲನೆಯದು ಅಧ್ಯಕ್ಷರಿಗೆ, ಎರಡನೆಯದು ಕಾರ್ಯದರ್ಶಿಗಳಿಗೆ. ಆಮೇಲೆ ಖಜಾಂಚಿ, ದೊಡ್ಡ ದೇಣಿಗೆ ಕೊಟ್ಟ ಸಾವುಕಾರರ ಮಗ, ಅತಿಥಿಗಳಿಗೆ ಹಾರ ತರುವವರು, ಚಹಾ-ಅವಲಕ್ಕಿಯ ಉಸ್ತುವಾರಿಯವರು. ಪರದೆ ಎಳೆಯುವ ಹುಡುಗನ ಸರದಿ ಬರುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಥರ್ಮಾಕೋಲ್ ಮಾತ್ರ ಉಳಿದಿತ್ತು. ಸಭಾಗೃಹದ ಹಿಂದಿನ ಗಾಜಿನ ಕೋಣೆಯಲ್ಲಿ ಕೂತು ಬೆಳಕು ಕೊಡುವವನ ನೆನಪು ಯಾರಿಗೋ ಆಯಿತು.

"ಅಂವಗ್ಯಾಕ್ರೀ? ಅಂವಾ ಹೆಂಗೂ ನಾಟಕ ನೋಡಕೋಂತನ ಕುಂತಿರತಾನ," ಎಂದರು ಕಾರ್ಯದರ್ಶಿಗಳು.

ನೋಡುತ್ತಾನೆ, ನಿಜ. ಕೇಳುವುದು ಹೇಗೆ? ನಮ್ಮ ಊರುಗಳಲ್ಲಿ ರಂಗಮಂದಿರ ಕಟ್ಟುವವರು ಆ ಕೋಣೆಗೆ ಗಾಜು ಬಿಗಿದು, ಎಸಿ ಕೂರಿಸಿ, ರಂಗದ ಒಂದು ಅಕ್ಷರವೂ ಒಳಗೆ ನುಸುಳದಂತೆ ಭದ್ರ ಮಾಡಿರುತ್ತಾರೆ. ಪ್ರವೇಶದ್ವಾರಕ್ಕೆ ಗ್ರಾನೈಟ್ ಇರುತ್ತದೆ, ಉದ್ಘಾಟನೆಯ ಶಿಲಾಫಲಕ ಇರುತ್ತದೆ, ಅದರಲ್ಲಿ ಘನ ಉಪಸ್ಥಿತಿ ಯಾರದು, ಗೌರವ ಉಪಸ್ಥಿತಿ ಯಾರದು ಎಂಬ ವಿವರವೂ ಇರುತ್ತದೆ. ರಂಗದಿಂದ ಹಿಂದಿನ ಕೋಣೆಗೆ ಎರಡು ತಂತಿ ಹೋಗಲು ಒಂದು ಪೈಪು ಮಾತ್ರ ಇರುವುದಿಲ್ಲ. ಬೆಳಕಿನವನು ನಟನ ತುಟಿ ನೋಡಿ ಸಂಭಾಷಣೆ ಊಹಿಸಬೇಕು. ನಟನಿಗೆ ಮೀಸೆ ಅಂಟಿಸಿದ್ದರೆ ಅದೂ ಇಲ್ಲ.

ಈ ಇಂಟರ್‌ಕಾಮ್ ಹೆಡ್‌ಸೆಟ್ಟಿನ ಹುಟ್ಟು ನೋಡಿ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಬ್ ಕೋಹೆನ್, ಚಾರ್ಲಿ ಬಟನ್ ಎಂಬಿಬ್ಬರು ಕ್ಲಿಯರ್-ಕಾಮ್ ಎಂಬ ಕಂಪನಿ ತೆಗೆದರು. ರಾಕ್ ಸಂಗೀತದ ಅಬ್ಬರದಲ್ಲಿ ರಂಗದ ಹಿಂದಿನವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದಕ್ಕಾಗಿ ಸೊಂಟಕ್ಕೆ ಸಿಕ್ಕಿಸುವ ಡಬ್ಬಿ, ಕಿವಿಗೆ ಹೆಡ್‌ಸೆಟ್ ಮಾಡಿದರು. ಸಾಮಾನ್ಯ ಮೈಕಿನ ಮೂರು ಪಿನ್ನಿನ ಕೇಬಲ್ಲೇ ಸಾಕು: ಒಂದು ಪಿನ್ನು ಅರ್ಥಿಂಗಿಗೆ, ಇನ್ನೊಂದರಲ್ಲಿ ಸುಮಾರು 30 ವೋಲ್ಟ್ ವಿದ್ಯುತ್ತು, ಮೂರನೆಯದರಲ್ಲಿ ಎಲ್ಲರ ಮಾತು. ಒಬ್ಬರು ಆಡಿದ್ದು ಸಾಲಿನಲ್ಲಿರುವ ಎಲ್ಲರಿಗೂ ಕೇಳುತ್ತದೆ. ಆದ್ದರಿಂದ ಆ ಸಾಲಿನ ಶಿಸ್ತು ಒಂದೇ: ಕೆಲಸವಿದ್ದಾಗ ಗುಂಡಿ ಒತ್ತಿ ಹೇಳು, ಹೇಳಿ ಗುಂಡಿ ಬಿಡು, ಬಾಯಿ ಮುಚ್ಚು.

ಈ ಮೂರನೆಯ ಭಾಗ ನಮ್ಮ ಸಂಘಗಳ ಬೈಲಾದಲ್ಲಿಲ್ಲ. ರಿಹರ್ಸಲ್ ದಿನ ಅಧ್ಯಕ್ಷರು ಗುಂಡಿ ಒತ್ತಿದವರು ಬಿಡಲೇ ಇಲ್ಲ. ಅವರು ಕುಂದಾ ತಿನ್ನುವ ಸದ್ದು ಎಲ್ಲರ ಕಿವಿಯಲ್ಲೂ ಬಂತು. ಖಜಾಂಚಿ ಅದೇ ಸಾಲಿನಲ್ಲಿ ಮಂಟಪದವನ ಬಾಕಿಯ ಲೆಕ್ಕ ಹೇಳಿದರು. ಸಾವುಕಾರರ ಮಗ ಪ್ರತಿ ಎರಡು ನಿಮಿಷಕ್ಕೆ "ಹಲೋ, ನನ್ನ ಮಾತ ಕೇಳಾತೈತೇನ್ರೀ?" ಎಂದು ವಿಚಾರಿಸುತ್ತಿದ್ದ. ಎಲ್ಲರಿಗೂ ಕೇಳುತ್ತಿತ್ತು. ಕೇಳದಿದ್ದದ್ದು ನಾಟಕವೊಂದೇ.

ಅದಕ್ಕೂ ಪರಿಹಾರ ಇದೆ. ನೆಟ್ಟಗಿನ ಇಂಟರ್‌ಕಾಮಿನ ಮುಖ್ಯ ಪೆಟ್ಟಿಗೆಯಲ್ಲಿ ಹೊರಗಿನ ಧ್ವನಿ ಒಳಗೆ ಬಿಡಲೆಂದೇ ಒಂದು ಪ್ರತ್ಯೇಕ ಕಿಂಡಿ, ಅದಕ್ಕೊಂದು ತಿರುಗುಣಿ ಇರುತ್ತದೆ. ರಂಗದ ಧ್ವನಿಯನ್ನು ಅಲ್ಲಿ ಕೊಟ್ಟರೆ ಹೆಡ್‌ಸೆಟ್ಟಿನಲ್ಲಿ ನಾಟಕವೂ ಅಪ್ಪಣೆಯೂ ಕೂಡಿ ಬರುತ್ತವೆ. ಆದರೆ ಧ್ವನಿ ಎಲ್ಲಿಂದ ತರಬೇಕು? ಮಿಕ್ಸರಿನಿಂದ ತಂದರೆ ಮೈಕಿಗೆ ಬಿದ್ದದ್ದಷ್ಟೇ ಬರುತ್ತದೆ. ಮೈಕು ಅಂಟಿಸಿಕೊಂಡ ನಾಯಕ ಗರ್ಜಿಸುವುದು ಕೇಳುತ್ತದೆ, ಮೈಕಿಲ್ಲದ ದೂತ "ಪ್ರಭೂ" ಎಂದದ್ದು ಕೇಳುವುದಿಲ್ಲ. ಬೆಳಕು ಬದಲಾಗಬೇಕಿರುವುದು ಮಾತ್ರ ದೂತನ ಆ ಮಾತಿಗೇ. ಅದಕ್ಕೇ ತಿಳಿದವರು ರಂಗದ ಮುಂಭಾಗದ ಮೇಲೆ ಒಂದು ಬೇರೆ ಮೈಕು ತೂಗುಬಿಡುತ್ತಾರೆ. ಅದರ ಧ್ವನಿ ಹೆಡ್‌ಸೆಟ್ಟಿಗೂ ಹೋಗುತ್ತದೆ, ಬಣ್ಣದ ಕೋಣೆಯ ಸಣ್ಣ ಸ್ಪೀಕರಿಗೂ ಹೋಗುತ್ತದೆ, ಜನರ ಕಡೆಗಿನ ದೊಡ್ಡ ಸ್ಪೀಕರಿಗೆ ಮಾತ್ರ ಹೋಗುವುದಿಲ್ಲ. ಟಿಳಕವಾಡಿಯಲ್ಲಿ ಅಂಥ ಮೈಕು ತೂಗುಬಿಟ್ಟರೆ ಖಾನಾಪುರ, ಲೋಂಡಾ ಕಡೆಗೆ ಹೋಗುವ ರೈಲು ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು ದಾಟುತ್ತ ಕೂಗುವುದೂ ಸೇರಿ ಬರುತ್ತದೆ. ಬರಲಿ. ಪೌರಾಣಿಕ ನಾಟಕಗಳಲ್ಲೂ ನಮಗದು ರೂಢಿಯಾಗಿದೆ.

ತಂಡದವರು ಇದೆಲ್ಲ ಮಾಡಲಿಲ್ಲ. ಬಾಡಿಗೆಯ ಸೌಂಡಿನವನು ಜೇಬಿನಿಂದ ಕವಲುಬಾಯಿಯ ಒಂದು ಕೇಬಲ್ ತೆಗೆದ. "ಎರಡೂ ಕೂಡಿಸಿಬಿಟ್ರ ಒಂದಾತಿಲ್ರೀ?" ಎಂದ. ಮಿಕ್ಸರಿನಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಯನ್ನೇ ಕವಲೊಡೆಸಿ ಇಂಟರ್‌ಕಾಮಿನ ಸಾಲಿಗೆ ಜೋಡಿಸಿದ. ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇಟ್ಟು ಎರಡನ್ನೂ ಬೇರ್ಪಡಿಸಬೇಕೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ಬಜೆಟ್ಟಿನಲ್ಲಂತೂ ಇರಲಿಲ್ಲ. ಹಾರ-ತುರಾಯಿಯ ಬಾಬತ್ತಿನಲ್ಲಿ ಅಂಥವು ಹತ್ತು ಬರುತ್ತಿದ್ದವು. ಟ್ರಾನ್ಸ್‌ಫಾರ್ಮರ್ ಇಟ್ಟರೂ ತಂತಿಗೆ ಏಕಮುಖ ಸಂಚಾರದ ಬೋರ್ಡು ಬರುವುದಿಲ್ಲ; ಧ್ವನಿಯನ್ನು ಆ ಪ್ರತ್ಯೇಕ ಕಿಂಡಿಗೇ ಕೊಡಬೇಕಿತ್ತು. ನಾಟಕ ಹೆಡ್‌ಸೆಟ್ಟಿಗೆ ಹೋದ ದಾರಿಯಲ್ಲೇ ಹೆಡ್‌ಸೆಟ್ಟಿನ ಮಾತು ನಾಟಕಕ್ಕೆ ವಾಪಸು ಬಂತು.

ಆಡುತ್ತಿದ್ದದ್ದು ಕಿತ್ತೂರು ಚನ್ನಮ್ಮನ ಕಥೆ. 1824ರ ಯುದ್ಧ, ಕಲೆಕ್ಟರ್ ಥ್ಯಾಕರೆ ಎದೆಯುಬ್ಬಿಸಿ ನಿಂತಿದ್ದಾನೆ, ಕೋಟೆಯ ಬಾಗಿಲು ತೆರೆಯಬೇಕು, ಗುಂಡು ಹಾರಬೇಕು, ಬೆಳಕು ಕೆಂಪಾಗಬೇಕು. ಸಭಾಗೃಹ ಉಸಿರು ಬಿಗಿಹಿಡಿದಿತ್ತು. ಆಗ ದೊಡ್ಡ ಸ್ಪೀಕರಿನಿಂದ ಅಶರೀರವಾಣಿ ಹೊರಟಿತು: "ಥ್ಯಾಕರೆ ಸಾಹೇಬ್ರನ್ನ ಲಗೂನ ಹೊಡದ ಮುಗಸ್ರೀ, ಅವ್ರ ಖಾನಾಪುರದ ಲಾಸ್ಟ್ ಬಸ್ ತಪ್ಪತೈತಿ!"

ಥ್ಯಾಕರೆ ಗುಂಡು ಬೀಳುವ ಮೊದಲೇ ಬಿದ್ದ. ಜನ ಚಪ್ಪಾಳೆ ತಟ್ಟಿದರು. ಇಡೀ ಸಂಜೆಯಲ್ಲಿ ವೇಳೆಗೆ ಸರಿಯಾಗಿ ನಡೆದ ದೃಶ್ಯ ಅದೊಂದೇ. ಕೆಂಪು ಬೆಳಕು ಮುಂದಿನ ದೃಶ್ಯದಲ್ಲಿ, ಚನ್ನಮ್ಮ ಪೂಜೆಗೆ ಕೂತಾಗ ಬಂತು. ಮರುದಿನದ ಸಭೆಯಲ್ಲಿ ಬೆಳಕಿನವನನ್ನು ಕರೆದು ಬುದ್ಧಿ ಹೇಳಿದರು: ನಾಟಕದ ಮೇಲೆ ಲಕ್ಷ್ಯ ಇಡಬೇಕಂತೆ.

ಹಿಂದಿನವರಿಗೆ ಈ ಕೂಡಿಸುವ ವಿದ್ಯೆ ಗೊತ್ತಿರಲಿಲ್ಲವೆಂದುಕೊಳ್ಳಬೇಡಿ. ಇದೇ ಜಿಲ್ಲೆಯ ಕುಲಗೋಡ ತಮ್ಮಣ್ಣ ರೂಪ ಕೊಟ್ಟ ಶ್ರೀಕೃಷ್ಣ ಪಾರಿಜಾತ ನೋಡಿ. ಅಲ್ಲಿ ಭಾಗವತ ರಂಗದ ಮೇಲೇ ನಿಂತು ಪಾತ್ರವನ್ನು ಕರೆಯುತ್ತಾನೆ, ಕೆಣಕುತ್ತಾನೆ, ದೂತಿಯ ಜತೆ ವಾದಕ್ಕೂ ಇಳಿಯುತ್ತಾನೆ. ಅಪ್ಪಣೆಯೂ ಆಟವೂ ಒಂದೇ ಗಂಟಲಿನಿಂದ ಬರುತ್ತವೆ, ಅದೂ ಜನರೆದುರಿಗೇ. ಗುಟ್ಟಿಲ್ಲದ ಮೇಲೆ ಸೋರುವುದೇನು? ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರು ರಂಗದ ಮುಂದೆ, ಪ್ರಾಂಪ್ಟರು ವಿಂಗಿನಲ್ಲಿ. ಪರದೆಯವನು ಎರಡೂ ಕಡೆ ಕಿವಿಗೊಟ್ಟು ನಿಂತಿರುತ್ತಿದ್ದ. ಸವದತ್ತಿ ಸೀಮೆಯ ಏಣಗಿಯಿಂದ ಬಂದು ಕಲಾವೈಭವ ನಾಟ್ಯ ಸಂಘ ಕಟ್ಟಿದ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದರು. ಆ ಪೀಳಿಗೆಯ ನಟನ ದನಿ ಹಿಂದಿನ ಸಾಲಿನ ಶೇಂಗಾ ತಿನ್ನುವವನಿಗೂ ಮುಟ್ಟುತ್ತಿತ್ತು. ಅದನ್ನು ಇನ್ನೊಂದು ತಂತಿಯಲ್ಲಿ ಕಳಿಸುವ ಪ್ರಶ್ನೆಯೇ ಏಳಲಿಲ್ಲ. ಈಗಿನ ನಟನ ದನಿ ಕೆನ್ನೆಯ ಮೈಕಿನವರೆಗೆ ಮುಟ್ಟಿದರೆ ಪುಣ್ಯ.

ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರಲ್ಲಿ, ಇದೇ ಟಿಳಕವಾಡಿಯಲ್ಲಿ. ಕಾಂಗ್ರೆಸ್ ರೋಡಿಗೆ ಆ ಹೆಸರು ಬಂದದ್ದು ಅದರಿಂದಲೇ. ಆಗ ಅಧ್ಯಕ್ಷರು ಒಬ್ಬರು, ಕೇಳುವವರು ಸಾವಿರಾರು. ಶತಮಾನ ಕಳೆಯಿತು, ಪ್ರಮಾಣ ತಲೆಕೆಳಗಾಯಿತು. ಗಲ್ಲಿಗೊಬ್ಬ ಅಧ್ಯಕ್ಷರು, ಪ್ರತಿಯೊಬ್ಬರಿಗೂ ಮಾತಾಡುವ ಗುಂಡಿ. 2012ರಲ್ಲಿ ಉದ್ಘಾಟನೆಯಾದ ಇಲ್ಲಿನ ಸುವರ್ಣಸೌಧದಲ್ಲೂ ವಿಧಾನಮಂಡಲದ ಚಳಿಗಾಲದ ಅಧಿವೇಶನಕ್ಕೊಮ್ಮೆ ಇದೇ ಪ್ರಯೋಗ: ಒಳಗೆ ಎಲ್ಲರ ಮೈಕೂ ಒಟ್ಟಿಗೆ, ಹೊರಗೆ ಡೇರೆ ಹಾಕಿ ಕೂತವರ ಕೂಗು ಮಾತ್ರ ಯಾವ ಕಿಂಡಿಯಿಂದಲೂ ಒಳಗೆ ಬರದಂತೆ ಗಾಜು. ಟಿವಿ ನಿರೂಪಕರ ಕಿವಿಯ ಯಂತ್ರ ಇದಕ್ಕಿಂತ ಮೇಲು. ಅಲ್ಲಿ ನಿರ್ಮಾಪಕ ಮಾತಾಡಿದ ಕೂಡಲೇ ಕಾರ್ಯಕ್ರಮದ ಧ್ವನಿ ತಾನಾಗಿ ತಗ್ಗುತ್ತದೆ. ನಮ್ಮ ನಿರೂಪಕರಿಗೆ ಎದುರಿನ ಅತಿಥಿ ಉತ್ತರ ಕೊಡುತ್ತಿದ್ದಾನೆಂಬುದೇ ಏಕೆ ಗೊತ್ತಾಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಒಂದು ಮಾತು ಈ ಊರಿನ ಹೆಚ್ಚುಗಾರಿಕೆಗೂ ಹೇಳಬೇಕು. ವರೇರಕರ ನಾಟ್ಯ ಸಂಘವೂ ಇದೇ ಟಿಳಕವಾಡಿಯಲ್ಲಿದೆ. ಮರಾಠಿ ರಂಗಭೂಮಿಯನ್ನೂ ಕನ್ನಡ ರಂಗಭೂಮಿಯನ್ನೂ ಒಂದೊಂದು ಕಿವಿಯಲ್ಲಿ ಕೇಳುತ್ತ ಬೆಳೆದ ಬಡಾವಣೆ ಇದು. ಕನ್ನಡ ನಾಟಕಕ್ಕೆ ಮರಾಠಿ ಮನೆಮಾತಿನವನು ಬೆಳಕು ಕೊಡುತ್ತಾನೆ, ಮರಾಠಿ ನಾಟಕದ ಸೆಟ್ಟಿಗೆ ಕನ್ನಡದವನು ಮೊಳೆ ಹೊಡೆಯುತ್ತಾನೆ. ಕರ್ನಾಟಕ-ಮಹಾರಾಷ್ಟ್ರ ಗಡಿಯ ಖಟ್ಲೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಕೂತಿದೆ, ಇಲ್ಲಿ ರಂಗದ ಹಿಂದೆ ಅದರ ವಿಚಾರಣೆ ನಡೆದದ್ದಿಲ್ಲ. ಎರಡು ಧ್ವನಿಯನ್ನು ಕೆಡದಂತೆ ಒಂದೇ ತಲೆಯಲ್ಲಿ ಇಟ್ಟುಕೊಳ್ಳಬಲ್ಲ ಜನ ಇವರು. ಕೆಡಿಸಿದ್ದು ಕವಲುಬಾಯಿಯ ಕೇಬಲ್ಲು, ಅದಕ್ಕಿಂತ ಹೆಚ್ಚಾಗಿ ಹಂಚಿಕೆಯ ಯಾದಿ.

ಹೆಡ್‌ಸೆಟ್ ಕೊಳ್ಳಲಿರುವ ಸಂಘಗಳು ದಯವಿಟ್ಟು ಇಷ್ಟು ಬರೆದುಕೊಳ್ಳಿ. ಮೊದಲನೆಯದು ಬೆಳಕಿನವನಿಗೆ, ಎರಡನೆಯದು ಪರದೆಯವನಿಗೆ, ಮೂರನೆಯದು ಸೌಂಡಿನವನಿಗೆ, ನಾಲ್ಕನೆಯದು ವಿಂಗಿನಲ್ಲಿ ನಿಂತು ಸೂಚನೆ ಕೊಡುವವನಿಗೆ. ಅವನದು ಒಂದೇ ಕಿವಿ ಮುಚ್ಚುವಂಥದ್ದಿರಲಿ, ಇನ್ನೊಂದು ಕಿವಿ ರಂಗದ ಕಡೆ ತೆರೆದಿರಬೇಕು. ರಂಗದ ಮೇಲೊಂದು ಮೈಕು ತೂಗುಬಿಡಿ, ಅದರ ಧ್ವನಿಯನ್ನು ಇಂಟರ್‌ಕಾಮಿನ ಆ ಕಿಂಡಿಗೇ ಕೊಡಿ, ನಡುವೆ ಟ್ರಾನ್ಸ್‌ಫಾರ್ಮರ್ ಇಡಿ. ಅಧ್ಯಕ್ಷರು ಹಟ ಹಿಡಿದರೆ ಅವರಿಗೂ ಒಂದು ಕೊಡಿ, ತಂತಿ ಜೋಡಿಸಬೇಡಿ. ಅವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.