ಮುಂದಿನರ್ಧ ಒಬ್ಬರದು, ಹಿಂದಿನರ್ಧ ಇನ್ನೊಬ್ಬರದು

ಆರ್.ಟಿ. ನಗರದ ಕಾಂಪೌಂಡುಗಳೊಳಗಿನ ಪರಂಗಿ ಗಿಡಗಳ ಕಥೆ ನಿಮಗೆ ಗೊತ್ತೇ ಇದೆ. ಎಲೆ ಸೊರಗಿ ಬೂಟಿನ ಲೇಸಿನಂತಾಗಿದೆ, ತೊಟ್ಟಿನ ಮೇಲೆ ಎಣ್ಣೆ ಇಳಿದಂಥ ಗೆರೆ, ಕಾಯಿಯ ತುಂಬ ಉಂಗುರ. ಆಪಾದಿತ ಉಂಗುರ ಚುಕ್ಕೆ ವೈರಸ್ಸನ್ನೇ ಮಾತಿಗೆಳೆದೆವು.

ಪ್ರಶ್ನೆ: ಹೆಬ್ಬಾಳ ಫ್ಲೈಓವರ್ ದಾಟಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ. ಭಯವಿಲ್ಲವೆ?

ವೈರಸ್: ಭಯ ಬಿಡಿ, ನನಗಿರುವುದು ಬೇಜಾರು. ಸಸ್ಯಗಳ ಆರ್‌ಎನ್‌ಎ ವೈರಸ್ಸುಗಳು ತುಣುಕು ಅದಲುಬದಲು ಮಾಡಿಕೊಳ್ಳುತ್ತವೆ ಅಂತ ಪ್ರಯೋಗದಲ್ಲಿ ಮೊದಲು ತೋರಿಸಿದ್ದು 1986ರಲ್ಲಿ. ಹೆಸರು ಯಾರಿಗೆ ಬಂತು? ಬ್ರೋಮ್ ಮೊಸಾಯಿಕ್‌ಗೆ! ಹುಲ್ಲಿಗೆ ಹತ್ತುವ ವೈರಸ್ಸು ಸ್ವಾಮಿ ಅದು. ಹಣ್ಣಿನವರಿಗೆ ಮರ್ಯಾದೆ ಬೇಡವೆ?

ಪ್ರಶ್ನೆ: ಅದಿರಲಿ. ನಮ್ಮ ರಸ್ತೆಯ ಅರ್ಧ ಕೆಲಸ ಒಬ್ಬರ ನಕ್ಷೆಯಂತೆ ಆಗುತ್ತದೆ, ಮಿಕ್ಕರ್ಧ ಇನ್ನೊಬ್ಬರ ನಕ್ಷೆಯಂತೆ. ನಿಮ್ಮಿಂದಲೇ ಕಲಿತರೆ?

ವೈರಸ್: ಪದ್ಧತಿ ಅದೇ. ನನ್ನ ಜಾತಕ ಒಂದೇ ಎಳೆ, ಸುಮಾರು 10,300 ಅಕ್ಷರ. ಒಂದೇ ಕೋಶದೊಳಕ್ಕೆ ನನ್ನ ಎರಡು ತಳಿ ಸೇರಿದವು ಅನ್ನಿ. ನಕಲು ಮಾಡುವ ಪಾಲಿಮರೇಸ್ ಕಿಣ್ವ ಒಂದು ಎಳೆ ಹಿಡಿದು ಹೋಗುತ್ತಿರುತ್ತದೆ, ಮಡಿಕೆ ಬಿದ್ದ ಕಡೆ ತಡವರಿಸುತ್ತದೆ. ಪಕ್ಕದಲ್ಲಿ ಅಂಥದೇ ಅಕ್ಷರಸಾಲಿನ ಇನ್ನೊಂದು ಎಳೆ ಸಿಕ್ಕಿತೋ, ಅರ್ಧ ಬರೆದ ನಕಲಿನ ಸಮೇತ ಅತ್ತ ದಾಟಿ ಮಿಕ್ಕಿದ್ದನ್ನು ಅಲ್ಲಿಂದ ಬರೆಯುತ್ತದೆ. ಕತ್ತರಿ ಬೇಡ, ಅಂಟು ಬೇಡ.

ಪ್ರಶ್ನೆ: ಬೆರಕೆ ಮಾಲು ಬಾಳಿಕೆ ಬರುತ್ತದೆಯೆ? ನಮ್ಮದು ಒಂದು ಮಳೆಗೂ ನಿಲ್ಲುವುದಿಲ್ಲ.

ವೈರಸ್: ಬಹಳಷ್ಟು ಕೆಲಸಕ್ಕೆ ಬಾರದೆ ಸಾಯುತ್ತವೆ. ಗಿಡದೊಳಗೆ ಹಬ್ಬಬಲ್ಲದ್ದು ಮಾತ್ರ ಉಳಿಯುತ್ತದೆ. ಕೆಟ್ಟದ್ದಕ್ಕೆ ಬಿಲ್ ಪಾಸಾಗುವುದು ನಿಮ್ಮಲ್ಲಿ. ನೋಡಿ, ಹವಾಯಿಯವರು ನನ್ನ ಹೊರಕವಚದ ಜೀನನ್ನೇ ಪರಂಗಿಗೆ ಸೇರಿಸಿ 1998ರಲ್ಲಿ ರೇನ್‌ಬೋ ತಳಿ ಕೊಟ್ಟರು. ಅಲ್ಲಿಯ ನನ್ನ ಬಳಗವನ್ನು ಅದು ತಡೆಯಿತು. ಬೇರೆ ದೇಶದ, ಬೇರೆ ಚಹರೆಯ ನೆಂಟ ಬಂದರೆ ಆ ಕಾವಲು ಸಡಿಲ. ಚಹರೆ ಬದಲಿಸುವುದರಲ್ಲಿ ಇಷ್ಟು ಪಳಗಿದ್ದರೂ ಹೊಗಳಿಕೆ ಮಾತ್ರ ಆ ಹುಲ್ಲಿನ...

ಪ್ರಶ್ನೆ: ಸಾಲ ಮಾಡಿ ತೋಟ ಹಾಕಿದ ರೈತನ ಗತಿ?

ವೈರಸ್: ...ಆ ಹುಲ್ಲಿನ ವೈರಸ್ಸಿಗೇ!

ತಮಾಷೆ ಇಲ್ಲಿಗೆ ಸಾಕು. ಈ ರೋಗ ಹತ್ತಿದ ಗಿಡವನ್ನು ವಾಸಿಮಾಡುವ ಔಷಧಿ ಇಲ್ಲ. ಸಸ್ಯಹೇನು ಒಂದು ಗಿಡಕ್ಕೆ ಚುಚ್ಚಿ ಇನ್ನೊಂದಕ್ಕೆ ರೋಗ ದಾಟಿಸಲು ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ ಸಾಕು. ಕೀಟನಾಶಕಕ್ಕೆ ಹೇನು ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇದು ಗೊತ್ತಿದ್ದೂ, 'ಒಂದು ಸಲ ಹೊಡೀರಿ ಗೌಡ್ರೇ, ಹೊಸ ಚಿಗುರು ಬರುತ್ತೆ' ಎಂದು ಬಾಟಲಿ ಕೈಗಿಡುವವರಿದ್ದಾರೆ. ಅದನ್ನು ವ್ಯಾಪಾರ ಅನ್ನಬೇಡಿ, ಮೋಸ ಅನ್ನಿ.

ಪ್ರಶ್ನೆ: ನಿಮಗೆ ಯಾರ ಹೆದರಿಕೆಯೂ ಇಲ್ಲವೆ?

ವೈರಸ್: ರೋಗ ಕಂಡ ದಿನವೇ ಗಿಡವನ್ನು ಬುಡಸಮೇತ ಕಿತ್ತು ಸುಡುವವರದು. ಪರಂಗಿಯ ಪಕ್ಕ ಸೌತೆ, ಕುಂಬಳ ಹಬ್ಬಿಸದವರದು. ಅಂಥವರು ನಿಮ್ಮ ಬೀದಿಯಲ್ಲಿದ್ದಾರಾ?

ಪ್ರಶ್ನೆ: ಕೀಳುವವರಿಗೇನು ಬರವಿಲ್ಲ. ಅವರು ಕೀಳುವುದು ರಸ್ತೆ, ಅಷ್ಟೇ.