ಊಟಿ ರಿಟರ್ನ್ಡ್ ರಾವುತರು

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿರುವ ಹಂಗಳದಂಥ ಊರಿನಲ್ಲಿ ಕುದುರೆ ಸಾಕುವವರು ಅಪರೂಪ. ಕುದುರೆ ಪಂಡಿತರಿಗೆ ಮಾತ್ರ ಬರವಿಲ್ಲ. ಇವರನ್ನು ಊಟಿ ರಿಟರ್ನ್ಡ್ ರಾವುತರು ಎನ್ನಬಹುದು. ಊಟಿ ಕೆರೆಯ ದಡದಲ್ಲಿ ಒಂದು ಸುತ್ತು ಸವಾರಿ ಮಾಡಿ ಫೋಟೊ ತೆಗೆಸಿಕೊಂಡದ್ದೇ ಇವರ ವಿದ್ಯಾಭ್ಯಾಸ. ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದ ಹುಡುಗನ ಅರ್ಧ ಕೈ ಫೋಟೊದ ಅಂಚಿನಲ್ಲಿ ಕಾಣುತ್ತಿತ್ತು. ಫ್ರೇಮು ಹಾಕಿಸುವಾಗ ಅದೂ ಮಾಯ.

ಉಳಿದ ಜ್ಞಾನ ಬನ್ನಿಮಂಟಪದ ಪಂಜಿನ ಕವಾಯತಿನದು. ಅಶ್ವಾರೋಹಿ ಪೊಲೀಸರು ನಾಗಾಲೋಟದಲ್ಲಿ ಬಂದು ನೆಲದ ಗೂಟವನ್ನು ಈಟಿಯಿಂದ ಕೀಳುವುದನ್ನು ಅವರು ಟಿವಿಯಲ್ಲಿ ಕಂಡಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಸೇರಿ ಹೈಫಾ ಗೆದ್ದ ಕಥೆಯನ್ನಂತೂ, ಅಲ್ಲೇ ಕುದುರೆಗೆ ನೀರು ಕುಡಿಸುತ್ತಿದ್ದವರ ಹಾಗೆ ಹೇಳುತ್ತಾರೆ.

ಮಳೆ ಬಿದ್ದು ಸೂರ್ಯಕಾಂತಿ, ಚೆಂಡುಹೂ ಅರಳಿ, ಕೇರಳದ ಕಾರುಗಳು ಹೊಲದ ಬದಿಗೆ ಸಾಲುಗಟ್ಟುವ ಕಾಲದಲ್ಲಿ ಯಾರಾದರೂ ಫೋಟೊಗೆಂದು ಕುದುರೆ ತಂದರೆ ರಾವುತರಿಗೆ ಹಬ್ಬ. ಅದು ತಲೆ ತಗ್ಗಿಸಿ, ಬೆನ್ನು ಉಬ್ಬಿಸಿ, ಹಿಂಗಾಲು ಝಾಡಿಸಿತೋ, ಜಾತ್ರೆಯೇ.

“ಎರಡೂ ಲಗಾಮು ಜಗ್ಗಿ ಹಿಡ್ಕೊಳ್ಲಾ! ಒಂದೇಟು ಬುಡು, ಸರಿಹೋಯ್ತದೆ!”

ಮೇಲೆ ಕೂತ ಕುದುರೆಯವನು ಎರಡನ್ನೂ ಮಾಡುವುದಿಲ್ಲ. ಹಿಂದಕ್ಕೆ ವಾಲಿ, ಹಿಮ್ಮಡಿ ಕೆಳಗೊತ್ತಿ, ಒಂದೇ ಬದಿಯ ಲಗಾಮು ಎಳೆದು ಕುದುರೆಯ ಮುಖವನ್ನು ಪಕ್ಕಕ್ಕೆ ತಿರುಗಿಸಿ ಚಿಕ್ಕ ಚಿಕ್ಕ ಸುತ್ತು ಹಾಕಿಸುತ್ತಾನೆ. ತಲೆ ಕೆಳಗಿಳಿಯದಿದ್ದರೆ ಕುದುರೆಗೆ ಹಿಂಬದಿ ಎತ್ತುವುದು ಕಷ್ಟ. ಕತ್ತು ವಾರೆಯಾದರೆ ಜೋರೂ ಇಳಿಯುತ್ತದೆ. ಹೆದರಿ ಮುಂದಕ್ಕೆ ಬಾಗಿದವನು ಕುತ್ತಿಗೆ ಮೇಲಿಂದ ಜಾರಿ ಚೆಂಡುಹೂವಿನೊಳಗೆ ಬೀಳುತ್ತಾನೆ.

ಇಳಿದವನು ಮೊದಲು ಜೀನು ಬಿಚ್ಚುತ್ತಾನೆ. ಅಂಗೈಯಿಂದ ಬೆನ್ನು ಒತ್ತಿ ಒತ್ತಿ ನೋಡುತ್ತಾನೆ, ಎಲ್ಲಿ ಚರ್ಮ ಅದುರುತ್ತದೋ ಎಂದು. ಜೀನಿನಡಿಯ ಕಂಬಳಿಯ ಮಡಿಕೆ ಬಿಡಿಸಿ ಮುಳ್ಳು ಹುಡುಕುತ್ತಾನೆ. ಹೊಟ್ಟೆಪಟ್ಟಿ ಬಿಗಿದ ಜಾಗ ಸವರುತ್ತಾನೆ. ಬಾಯಿ ಬಿಡಿಸಿ ನೋಡುವುದೂ ಉಂಟು: ಕುದುರೆಯ ದವಡೆ ಹಲ್ಲು ವರ್ಷಗಟ್ಟಲೆ ಮೇಲೇರುತ್ತಲೇ ಇರುತ್ತದೆ, ಅಂಚು ಚೂಪಾಗಿ ಕೆನ್ನೆ ಕೊರೆದರೆ ಪಶುವೈದ್ಯರು ಅರ ಹಾಕಿ ಉಜ್ಜಬೇಕು. ಕುದುರೆಯ ಪುಂಡಾಟ ಎಂದು ಬೈಸಿಕೊಳ್ಳುವುದರಲ್ಲಿ ಎಷ್ಟೋ ಪಾಲು ಇಂಥ ನೋವೇ.

ಇವತ್ತು ನೋವೇನೂ ಸಿಗಲಿಲ್ಲ.

“ವಸಿ ಹುರುಳಿ ಜಾಸ್ತಿಯಾಗದೆ ಕನಣ್ಣ. ಮಳೆ ಅಂತ ಕಟ್ಟಿದ ಕಡೆನೇ ನಿಂತಿತ್ತು, ತಿಂದದ್ದು ಕರಗ್ಬೇಕಲ್ಲ.”

ಕುದುರೆ ಸೊರಗಿದೆ, ಹುರುಳಿ ಇನ್ನೊಂದು ಸೇರು ಹಾಕು ಎಂದು ನಿನ್ನೆ ಹೇಳಿದವರು ರಾವುತರೇ. ಆ ವಿಷಯ ಇಬ್ಬರೂ ಎತ್ತುವುದಿಲ್ಲ.

“ನೀವೇ ಒಂದ್ಸಲ ಹತ್ತಿ ತೋರುಸ್ಬುಡಿ ಅಣ್ಣ” ಎಂದು ಅವನು ಲಗಾಮು ಚಾಚಿದ್ದೇ ತಡ, ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತದೆಂಬುದು ರಾವುತರಿಗೆ ನೆನಪಾಗುತ್ತದೆ. ಕೇರಳದ ಕಾರಿನವರಿಗೆ ಅದನ್ನು ತಿಳಿಸಲು ಓಡುತ್ತಾರೆ. ಗಂಟೆ ಇನ್ನೂ ಮಧ್ಯಾಹ್ನ 3. ಬಂದದ್ದಕ್ಕೆ, ದಾರಿಯಲ್ಲಿ ಆನೆ ಎದುರಾದರೆ ಏನು ಮಾಡಬೇಕೆಂಬುದನ್ನೂ ವಿವರಿಸತೊಡಗುತ್ತಾರೆ.