ಎಳೆಸೌತೆಯ ರಾಯರು

ಮೂವತ್ತೈದು ವರ್ಷ ಸರ್ಕಾರಿ ಕಡತಗಳನ್ನು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ದಾಟಿಸಿ, ಕೊನೆಗೊಂದು ದಿನ ಹಾರ, ಶಾಲು, ಗೋಡೆಗಡಿಯಾರಗಳ ಸಮೇತ ಮನೆಗೆ ಬಂದು ಕುಳಿತ ಹಿರಿಯರಿಗೆ, ಆಜ್ಞೆ ಮಾಡಿಸಿಕೊಳ್ಳಲು ಎದುರಿಗೆ ಯಾರೂ ಇಲ್ಲವೆಂಬುದೇ ಒಂದು ವ್ಯಾಧಿಯಾಗಿ ಪರಿಣಮಿಸುತ್ತದೆ. ಈ ವ್ಯಾಧಿಗೆ ಕೆಲವರು ಬಡಾವಣೆಯ ಸಂಘವನ್ನೂ ಕೆಲವರು ಸೊಸೆಯನ್ನೂ ಔಷಧವಾಗಿ ಸೇವಿಸುವರು; ಬಸವನಗುಡಿಯ ನಮ್ಮ ರಾಯರು ಮಾತ್ರ ಮೀನು ಸಾಕಿದರು.

ನಡುಮನೆಯಲ್ಲಿ ಕಿಟಕಿಯ ಬಿಸಿಲು ನೇರವಾಗಿ ಬೀಳುವ ಎಡೆಯಲ್ಲಿಯೇ ಗಾಜಿನ ತೊಟ್ಟಿಯನ್ನು ಪ್ರತಿಷ್ಠಾಪಿಸಿದ ಫಲವಾಗಿ, ತಿಂಗಳು ತುಂಬುವುದರೊಳಗೆ ಗಾಜಿಗೆಲ್ಲ ಹಸಿರು ಪಾಚಿ ಕಟ್ಟಿ, ಒಳಗಿದ್ದ ಗಪ್ಪಿಗಳು ಇವೆಯೋ ಇಲ್ಲವೋ ಎಂಬುದೇ ಜಿಜ್ಞಾಸೆಯ ವಿಷಯವಾಯಿತು. ತಾವೇ ತೋಳೇರಿಸಿ ತಿಕ್ಕುವುದು ಅಧಿಕಾರಿಯಾಗಿದ್ದವರಿಗೆ ತಕ್ಕುದಲ್ಲವೆಂದು ಬಗೆದ ರಾಯರು, ಅಂಗಡಿಯವನ ಶಿಫಾರಸಿನ ಮೇರೆಗೆ, ಸಕರ್ ಮೀನೊಂದನ್ನು ನೇಮಕ ಮಾಡಿಕೊಂಡರು. ಬೆರಳುದ್ದದ ದೇಹ, ಮೈತುಂಬ ಎಲುಬಿನ ಫಲಕಗಳ ಕವಚ, ಮೂತಿಯ ಮೇಲೆ ಕವಲೊಡೆದ ಕುರುಚಲು ಮೀಸೆ, ಅಡಿಯಲ್ಲಿ ಗಾಜಿಗೆ ಕಚ್ಚಿಕೊಳ್ಳುವ ಬಟ್ಟಲಿನಂಥ ಬಾಯಿ. "ದಕ್ಷಿಣ ಅಮೆರಿಕದ ನದಿಗಳ ಕುಲೀನ, ಸ್ವಾಮೀ. ಸಂಬಳವಿಲ್ಲ, ಭತ್ಯವಿಲ್ಲ, ಪಾಚಿಯೇ ಊಟ, ಊಟವೇ ಉದ್ಯೋಗ. ಎಲ್ಲಕ್ಕಿಂತ ಹೆಚ್ಚಾಗಿ, ಶುದ್ಧ ಸಸ್ಯಾಹಾರಿ!" ಎಂದು ನನಗೆ ಪರಿಚಯಿಸಿದರು. ಅದು ಹಗಲೆಲ್ಲ ಮರದ ಬೊಡ್ಡೆಯ ಅಡಿಯಲ್ಲಿ ಮಲಗಿರುತ್ತಿದ್ದುದೇನೋ ನಿಜ. ಆದರೆ ಹಗಲು ನಿದ್ರಿಸುವ ನೌಕರರು ರಾಯರಿಗೆ ಹೊಸಬರೇನೂ ಅಲ್ಲವಷ್ಟೆ.

ಇರುಳಿನಲ್ಲಿ ದುಡಿಯುವ ಆ ಪ್ರಾಣಿ ಕೆಲವೇ ವಾರಗಳಲ್ಲಿ ಗಾಜನ್ನು ಬೆಳಗಿಬಿಟ್ಟಿತು. ಅಲ್ಲಿಂದಲೇ ರಾಯರ ಸಂಕಟ ಆರಂಭವಾಯಿತೆನ್ನಬೇಕು. ಪಾಚಿ ತೀರಿದ ತೊಟ್ಟಿಯಲ್ಲಿ ಇಂಥ ಮೀನು ಹಸಿದು ಹೊಟ್ಟೆ ಒಳಸೇರಿ ಸಾಯುವುದುಂಟೆಂದೂ, ಅದಕ್ಕೆ ತರಕಾರಿ ಉಣಿಸಬೇಕೆಂದೂ ಅಂಗಡಿಯವನು ಹೇಳಿದ ಮರುದಿನವೇ, ಜೀವಮಾನದಲ್ಲಿ ಅಡುಗೆಮನೆಯ ಹೊಸ್ತಿಲು ದಾಟದಿದ್ದ ಮಹಾನುಭಾವರು ಗಾಂಧಿಬಜಾರಿನಲ್ಲಿ ಸೌತೆಕಾಯಿಯ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದೊಂದನ್ನೇ ಎತ್ತಿ, ಉಗುರೊತ್ತಿ ಎಳಸೋ ಬಲಿತದ್ದೋ ಎಂದು ಪರೀಕ್ಷಿಸುತ್ತಿದ್ದರು. ಔಷಧಿ ಹೊಡೆದದ್ದಿರಬಹುದೆಂದು ಮೂರು ನೀರಿನಲ್ಲಿ ತೊಳೆಯುವುದು. ತೊಟ್ಟು ಕತ್ತರಿಸಿ ನೊರೆಯೇಳುವಂತೆ ಉಜ್ಜಿ ಕಹಿ ತೆಗೆಯುವುದು. ಬಿಲ್ಲೆಗಳಾಗಿ ಹೆಚ್ಚಿ, ಮೆತ್ತಗಾಗುವಷ್ಟು ಹೊತ್ತು ಕುದಿನೀರಿನಲ್ಲಿ ಅದ್ದಿ ತಣಿಸುವುದು. ತೇಲದಂತೆ ಸ್ಟೀಲಿನ ಫೋರ್ಕಿಗೆ ಚುಚ್ಚಿ, ದೀಪ ಆರಿಸಿದ ಮೇಲೆ ತಳಕ್ಕೆ ಇಳಿಬಿಡುವುದು. ಇದಿಷ್ಟೂ ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ನಡೆಯುತ್ತಿತ್ತು. ಬೆಳಗ್ಗೆ ನೋಡಿದರೆ ತಿರುಳು, ಬೀಜಗಳೆಲ್ಲ ಮಾಯವಾಗಿ, ಫೋರ್ಕಿನಲ್ಲಿ ಹಸಿರು ಸಿಪ್ಪೆ ಬಳೆಯಂತೆ ನೇತಾಡುತ್ತಿರುವುದು. ನೀರು ಕದಡಿ ನಾರೀತೆಂದು ಅದನ್ನು ತೆಗೆದು, ಬಂದವರಿಗೆಲ್ಲ ತೋರಿಸಿಯೇ ಎಸೆಯುವರು.

"ನಲವತ್ತು ವರ್ಷ ನನಗೆ ಬಲಿತ ಹುರುಳಿಕಾಯಿ ತಂದುಹಾಕಿದ ಕೈ ಇದೇನೇ?" ಎಂದು ಅವರ ಮನೆಯಾಕೆ ನನ್ನ ಹೆಂಡತಿಯೊಡನೆ ಹೇಳಿಕೊಂಡರಂತೆ. ಸೋಮವಾರ ಪಾಲಕ್ ಸೊಪ್ಪು, ಬುಧವಾರ ಸಿಪ್ಪೆ ಸುಲಿದ ಬಟಾಣಿ, ಉಳಿದ ದಿನ ಸೌತೆ. ರಾಮನವಮಿಯಂದು ಅವರ ಮನೆಯಿಂದ ಬಂದ ಕೋಸಂಬರಿಯಲ್ಲಿ ಹೆಸರುಬೇಳೆಯೊಂದೇ ಇದ್ದುದರ ರಹಸ್ಯವನ್ನು ನಾನು ಕೇಳದೆಯೇ ತಿಳಿದುಕೊಂಡೆ.

ಒಮ್ಮೆ ಮಾತ್ರ ಈ ಭಕ್ತಿಗೆ ವಿಘ್ನ ಒದಗಿತ್ತು. ಇರುಳಿನಲ್ಲಿ ಸತ್ತ ಗಪ್ಪಿಯೊಂದರ ಕಳೇಬರವನ್ನು ತಬ್ಬಿಕೊಂಡು, ಪಕ್ಕದ ಎಳೆಸೌತೆಯನ್ನು ಮೂಸಿಯೂ ನೋಡದೆ ಆ ಕುಲೀನನು ಉಪಾಹಾರ ಮಾಡುತ್ತಿದ್ದ ದೃಶ್ಯ ರಾಯರ ಕಣ್ಣಿಗೆ ಬಿತ್ತು. ಎರಡು ದಿನ ಅವರು ತೊಟ್ಟಿಯತ್ತ ಮುಖ ಮಾಡಲಿಲ್ಲ. ಮೂರನೆಯ ದಿನ, "ವಿಶ್ವಾಮಿತ್ರರೇ ಹಸಿವಿಗೆ ನಾಯಿಮಾಂಸಕ್ಕೆ ಕೈಯಿಕ್ಕಿದವರು, ಇದು ಆಪದ್ಧರ್ಮ," ಎಂದು ತೀರ್ಪಿತ್ತು, ಗಾಂಧಿಬಜಾರಿಗೆ ಹೊರಟರು.

ಮೊನ್ನೆ ಸಂಜೆ ಹೋದಾಗ ರಾಯರು ಪಂಚೆ ಮೇಲೆತ್ತಿ ಕಟ್ಟಿ, ಮೊಣಕೈವರೆಗೆ ನೀರಿನಲ್ಲಿ ಅದ್ದಿಕೊಂಡು, ಸ್ಪಂಜಿನಿಂದ ಗಾಜಿನ ಪಾಚಿ ತಿಕ್ಕುತ್ತಿದ್ದರು. ಮೀಸೆಯ ಮಹಾಶಯನು ಬೊಡ್ಡೆಯ ಅಡಿಯಲ್ಲಿ ಹೊಟ್ಟೆ ಉಬ್ಬಿಸಿಕೊಂಡು ನಿದ್ರಿಸುತ್ತಿದ್ದನು.

"ಇದೇನು ರಾಯರೇ? ಅವನ ಕೆಲಸವಲ್ಲವೇ?" ಎಂದೆ.

"ಹೊಟ್ಟೆತುಂಬ ಉಂಡವನಿಗೆ ಪಾಚಿ ರುಚಿಸೀತೇ, ಸ್ವಾಮೀ? ನಿದ್ದೆ ಕೆಡಿಸಬೇಡಿ, ಮೆಲ್ಲಗೆ ಮಾತಾಡಿ," ಎಂದರು.

ಒಳಗಿನಿಂದ ಮನೆಯಾಕೆಯ ದನಿ ಕೇಳಿಬಂತು: "ಏನೂಂದ್ರೆ, ತಿಕ್ಕಿದ್ದಾದರೆ ಕೈ ತೊಳೆದು ಬನ್ನಿ. ಎರಡು ಬಿಲ್ಲೆ ಸೌತೆಕಾಯಿ ನಿಮಗೂ ಎತ್ತಿಟ್ಟಿದ್ದೇನೆ."